ಚಿಗರಿಯ ತಂತಿ ಗಾಲಿ

ಏಳನೆಯ ಕಂತು

"ಸುತ್ತಿಗಿ ಕೊಡ್ರಿ ಇಲ್ಲೆ," ಎಂದೆ.

ಸವದತ್ತಿ ಠಾಣೆಯ ಪಿ.ಎಸ್.ಐ. ಶಂಕರೆಪ್ಪ ಸುತ್ತಿಗೆಯನ್ನು ಕೊಡುವ ಬದಲು ಬೆನ್ನ ಹಿಂದೆ ಹಿಡಿದುಕೊಂಡ.

"ಸಾಹೇಬ್ರ, ಸತ್ತವರ ಗಾಡಿ ಐತಿ. ಪಂಚನಾಮೆ ಮುಗದೈತಿ. ಮತ್ತ ಬಿಚ್ಚೂದು ಯಾಕ್ರಿ?"

"ನಿಮ್ಮ ಪಂಚರು ಗಾಡಿ ಸುತ್ತ ಪ್ರದಕ್ಷಿಣಿ ಹಾಕ್ಯಾರ. ಗಾಲಿ ಬಿಚ್ಚಿ ನೋಡಿಲ್ಲ. ಕೊಡ್ರಿ."

ಕೊಟ್ಟ. ಕೊಡುವಾಗ ಅವನ ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು. ಬೆಳಗಾವಿಯಿಂದ ಬಂದ ಇನ್‌ಸ್ಪೆಕ್ಟರು ಮುಗಿದ ಕೇಸನ್ನು ಕೆದಕಿದರೆ ಯಾವ ಪಿ.ಎಸ್.ಐ.ಗೆ ತಾನೇ ಹಿಡಿಸುತ್ತದೆ. ಅದರಲ್ಲೂ ಇನ್‌ಸ್ಪೆಕ್ಟರ ಹೆಸರು, ಅಂದರೆ ನನ್ನ ಹೆಸರು, ಪರಪ್ಪ ಮೇತ್ರಿ, ಆರೋಪಿಯ ಹೆಸರು ಶಟ್ಟೆಪ್ಪ ಮಾದರ. ಎರಡೂ ಹೆಸರು ಊರ ಹೊರಗಿನ ಕೇರಿಯವೆಂದು ಲೆಕ್ಕ ಹಾಕಲು ಸವದತ್ತಿಯಲ್ಲಿ ಯಾರಿಗೂ ಹೆಚ್ಚು ಹೊತ್ತು ಹಿಡಿದಿರಲಿಲ್ಲ.

ಠಾಣೆಯ ಹಿತ್ತಲಿನ ಬೇವಿನ ಗಿಡದ ಕೆಳಗೆ ಕಾರು ಒಂದು ಮಗ್ಗುಲಾಗಿ ಬಿದ್ದಿತ್ತು. ದಸರೆಯ ದಶಮಿಯಂದು ಎಲ್ಲಮ್ಮನ ಗುಡ್ಡ ಇಳಿಯುವಾಗ ಉಗರಗೋಳದ ಮೇಲಿನ ತಿರುವಿನಲ್ಲಿ ಇದು ಕೆಳಗುರುಳಿ, ನಡೆಸುತ್ತಿದ್ದ ಬೈಲಹೊಂಗಲದ ಬಾಳಕೃಷ್ಣ ಇನಾಮದಾರ ಸತ್ತಿದ್ದ. ಕಾರಿಗೆ ಕೈ ಹಾಕಿ ಬದಲಾಯಿಸಿದ್ದ ಮಿಸ್ತ್ರಿ ಶಟ್ಟೆಪ್ಪ, ಅಜಾಗರೂಕತೆಯಿಂದ ಸಾವಿಗೆ ಕಾರಣನಾದನೆಂಬ ಆರೋಪದ ಮೇಲೆ ಒಳಗಿದ್ದ. ಜಾಮೀನಿಗೆ ನಿಲ್ಲಲು ಒಬ್ಬನೂ ಮುಂದೆ ಬಂದಿರಲಿಲ್ಲ.

ಜನ ಈ ಕಾರಿಗೆ ಚಿಗರಿ, ಅಂದರೆ ಜಿಂಕೆ, ಎನ್ನುತ್ತಿದ್ದರು. ದೊಡ್ಡ ಯುದ್ಧಕ್ಕೂ ಮುಂಚಿನ ವಿಲಾಯತಿ ಗಾಡಿ, ಎರಡೇ ಸೀಟು, ಮಡಚಿಡುವ ಕ್ಯಾನ್ವಾಸ್ ಛಾವಣಿ. ಬೆಳಗಾವಿ ಕ್ಯಾಂಪಿನ ಒಬ್ಬ ದೊರೆ ದೇಶ ಬಿಡುವಾಗ ಬಾಳಕೃಷ್ಣನ ತಂದೆಗೆ ಮಾರಿ ಹೋಗಿದ್ದ. ನೋಡಲು ಚಂದ, ಓಡಲು ಮಂದ. ಗುಡ್ಡ ಹತ್ತಬೇಕಾದರೆ ಒಳಗೆ ಕೂತವರೇ ಇಳಿದು ತಳ್ಳಬೇಕಿತ್ತಂತೆ.

ಬಾಳಕೃಷ್ಣನಿಗೆ ಅದನ್ನು ಸಹಿಸಲಾಗಲಿಲ್ಲ. ಶಟ್ಟೆಪ್ಪನಿಂದ ಹಳೆಯ ಎಂಜಿನ್ ತೆಗೆಸಿ ಅಂಬಾಸಡರ್ ಎಂಜಿನ್, ಎರಡು ಕಾರ್ಬೊರೇಟರ್ ಹಾಕಿಸಿದ. ಆಮೇಲೆ ಕಿತ್ತೂರಿನ ಹೆದ್ದಾರಿಯಲ್ಲಿ ಚಿಗರಿ ಹೊರಟರೆ ಪುಣೆಯ ಬಸ್ಸುಗಳು ನಿಂತ ಹಾಗೆ ಕಾಣುತ್ತಿದ್ದವು. ಆದರೆ ಗಾಡಿಯ ಮುಂಭಾಗ ಭಾರವಾಯಿತು, ಸ್ಟೇರಿಂಗ್ ತಿರುಗಿಸಲು ರಟ್ಟೆಯ ಬಲ ಬೇಕಾಯಿತು, ಪೆಟ್ರೋಲಿನ ದರ ಮುಗಿಲಿಗೆ ಏರಿದ ಈ ಕಾಲದಲ್ಲಿ ಅದು ಬೇಸಿಗೆಯ ಎಮ್ಮೆಯ ಹಾಗೆ ಕುಡಿಯತೊಡಗಿತು. ವೇಗ ಯಾರಿಗೂ ಪುಕ್ಕಟೆ ಸಿಗುವುದಿಲ್ಲ.

ನನಗೆ ಮೋಟಾರು ಹೊಸದಲ್ಲ, ಪೊಲೀಸ್ ಖಾತೆಗೆ ಸೇರಿದ್ದೇ ಡ್ರೈವರ್ ಕಾನ್‌ಸ್ಟೇಬಲ್ ಆಗಿ. ಮುಂದಿನ ಗಾಲಿಯ ನಡುವಿನ ದೊಡ್ಡ ನಟ್ಟಿಗೆ ಸುತ್ತಿಗೆಯಿಂದ ಹೊಡೆದು ಸಡಿಲಿಸಿ, ಗಾಲಿಯನ್ನು ಎಳೆದು ತೆಗೆದೆ. ಒಳಗಿನ ಬ್ರೇಕ್ ಡ್ರಮ್ ನೋಡಿ ಕೈ ನಿಂತಿತು. ಅದು ಜೋಳದ ರೊಟ್ಟಿಗಿಂತ ಚಿಕ್ಕದಿತ್ತು.

"ಶಂಕರೆಪ್ಪ, ಈ ಗಾಡಿ ಓಡೂದು ನೀವು ನೋಡೀರಿ?"

"ನೋಡೇನ್ರಿ. ಕಿತ್ತೂರಾಗ ಬಂದೋಬಸ್ತಿಗೆ ಇದ್ದಾಗ."

"ಆವಾಗ ಯಾವ ಗಾಲಿ ಇದ್ದೂ?"

"ಅಂಬಾಸಡರ್ ಗಾಲಿ ಇದ್ದೂರಿ. ತಗಡಿನವು." ಅವನು ಕೆಳಗೆ ಬಿದ್ದ ಗಾಲಿಯನ್ನು ನೋಡಿದ. ಸೈಕಲ್ ಗಾಲಿಯ ಹಾಗೆ ತಂತಿಗಳಿದ್ದ ಗಾಲಿ. "ಇವು ಬ್ಯಾರೇನ ಅದಾವಲ್ರಿ."

"ಇವು ಮೂಲದ ಗಾಲಿ. ಇವು ಕೂಡಬೇಕಂದ್ರ ಮೂಲದ ಡ್ರಮ್ಮನ ಬೇಕು, ಅಂಬಾಸಡರ್ ಬ್ರೇಕಿನ ಮ್ಯಾಲ ಇವು ಕೂಡಂಗಿಲ್ಲ. ಅಂದ್ರ ಶಟ್ಟೆಪ್ಪ ಹಾಕಿದ ಬ್ರೇಕ್ ಯಾರೋ ತಗದಾರ."

ಶಟ್ಟೆಪ್ಪ ಎಂಜಿನ್ ದೊಡ್ಡದು ಮಾಡಿದಾಗ ಬ್ರೇಕನ್ನೂ ದೊಡ್ಡದು ಮಾಡಿದ್ದ. ಓಡುವ ಬಲಕ್ಕೆ ನಿಲ್ಲಿಸುವ ಬಲ ಸಮ ಇರಬೇಕೆಂಬುದು ಅವನಿಗೆ ಗೊತ್ತಿತ್ತು. ಈಗ ನಮ್ಮ ಮುಂದೆ ಇದ್ದದ್ದು ಹೊಸ ಎಂಜಿನ್, ಹಳೆಯ ಬ್ರೇಕು. ಆಡು ಕಟ್ಟುವ ಹಗ್ಗದಲ್ಲಿ ಹೋರಿಯನ್ನು ಕಟ್ಟಿದ ಹಾಗೆ.

ಅಷ್ಟೇ ಆಗಿದ್ದರೂ ಸಾಕಿತ್ತು. ಕಾರಿನ ಕೆಳಗೆ ತೂರಿ ನೋಡಿದೆ. ಪೆಡಲು ತುಳಿದರೆ ಬ್ರೇಕನ್ನು ಎಳೆಯುವ ಉಕ್ಕಿನ ತಂತಿಗಳು ನಾಲ್ಕು ಗಾಲಿಗೂ ಹೋಗಿದ್ದವು. ಹಿಂದಿನವು ಬಿಗಿಯಾಗಿದ್ದವು. ಮುಂದಿನ ಎರಡೂ ಜೋಲು ಬಿದ್ದಿದ್ದವು. ಹರಿದಿರಲಿಲ್ಲ, ಅವನ್ನು ಬಿಗಿದೇ ಇರಲಿಲ್ಲ. ಯಾರೋ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿದ್ದರು.

ಬೈಲಹೊಂಗಲದಿಂದ ಇಲ್ಲಿಯ ತನಕ ಎರೆಹೊಲದ ಸಪಾಟು ರಸ್ತೆ, ಹಿಂದಿನ ಬ್ರೇಕಿನಲ್ಲೇ ಸುಧಾರಿಸಬಹುದು. ಬ್ರೇಕು ಮುಟ್ಟುವುದು ಮುದುಕರ ಕೆಲಸ ಎನ್ನುತ್ತಿದ್ದ ಬಾಳಕೃಷ್ಣನಿಗೆ ದಾರಿಯಲ್ಲಿ ಅದು ತಿಳಿದೂ ಇರಲಿಕ್ಕಿಲ್ಲ. ಗುಡ್ಡ ಇಳಿಯುವಾಗ ತಿಳಿದಿರಬೇಕು. ಆಗ ತಿಳಿದು ಏನು ಉಪಯೋಗ.

ನನಗೆ ಸಂತೋಷವಾಯಿತು. ಒಬ್ಬ ಮನುಷ್ಯ ಸತ್ತ ಗಾಡಿಯ ಕೆಳಗೆ ಮಲಗಿ ಸಂತೋಷಪಟ್ಟೆ. ಅರ್ಧಕ್ಕೆ ಬಿಟ್ಟ ಕೆಲಸ ಶಟ್ಟೆಪ್ಪನದಾಗಿರಲು ಸಾಧ್ಯವಿಲ್ಲ, ಯಾವನೋ ಅರೆಬೆಂದ ಮಿಸ್ತ್ರಿಯದು. ಪಂಚರನ್ನು ಕರೆಸಿ ಎಲ್ಲವನ್ನೂ ಬರೆಸಿದೆ. ಬ್ರೇಕ್ ಬದಲಾಗಿದೆ, ಬದಲಾಯಿಸಿದವನಿಗೆ ಅದು ಹಿಡಿಯುವುದಿಲ್ಲವೆಂದು ತಿಳಿದಿರಲೇಬೇಕು ಎಂಬ ಮಾತನ್ನೂ ನಾನೇ ಹೇಳಿ ಸೇರಿಸಿದೆ.

ಶಂಕರೆಪ್ಪ ಬರೆದುಕೊಂಡ. "ತಿಳಿದಿರಲೇಬೇಕು ಅಂತ ಹಾಕ್ಲೇನ್ರಿ?" ಎಂದು ಮತ್ತೊಮ್ಮೆ ಕೇಳಿದ.

"ಹಾಕ್ರಿ," ಎಂದೆ.

ಠಾಣೆಯ ಬಾಗಿಲಲ್ಲಿ ತಾಯವ್ವ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಶಟ್ಟೆಪ್ಪನ ಹೆಂಡತಿ. ಬೆಳಗಾವಿಯ ಎಸ್.ಪಿ. ಕಚೇರಿಯ ಮುಂದೆ ಏಳದೆ ಕೂತು, ಸಾಹೇಬರಿಗೆ ಬೇಸರ ಬಂದು ನನ್ನನ್ನು ಇಲ್ಲಿಗೆ ಅಟ್ಟುವ ಹಾಗೆ ಮಾಡಿದವಳು ಇವಳೇ. ಗಂಡ ಮನೆಗೆ ಬರಬೇಕು ಎಂಬುದೊಂದನ್ನು ಬಿಟ್ಟು ಅವಳ ಬಾಯಿಂದ ನಾನು ಬೇರೆ ಮಾತು ಕೇಳಿರಲಿಲ್ಲ. ಬಾಳಕೃಷ್ಣನ ಬಗ್ಗೆ ಹಿಂದಿನ ದಿನ ಕೇಳಿದಾಗ, "ಅವ್ರ ಸುದ್ದಿ ನನ್ನ ಮುಂದ ಬ್ಯಾಡ್ರಿ," ಎಂದು ಸೆರಗು ಎಳೆದುಕೊಂಡಿದ್ದಳು. ಸತ್ತವರ ಬಗ್ಗೆ ಅಂಜಿಕೆ ಎಂದುಕೊಂಡಿದ್ದೆ.

"ತಾಯವ್ವಾ, ನಿನ್ನ ಗಂಡ ಹೊರಗ ಬರ್ತಾನ," ಎಂದೆ. "ಅವ ಹಾಕಿದ ಬ್ರೇಕಿನಿಂದ ಯಾರೂ ಸತ್ತಿಲ್ಲ. ಅದನ್ನ ತಗದು ಬ್ಯಾರೆ ಹಾಕ್ಯಾರ. ಹಾಕಿದವ ಯಾರಂತ ತಿಳಿದ್ರ ಮುಗೀತು."

ಅವಳ ಮುಖ ಅರಳುವುದನ್ನು ನೋಡಲು ಕಾದೆ. ಅರಳಲಿಲ್ಲ.

"ಅದು ತಿಳೀಲೇಬೇಕೇನ್ರಿ?" ಎಂದಳು.

"ತಿಳೀದ ಬಿಡಿಸೂದು ಹೆಂಗ?"

ಅವಳು ಗಂಟನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಹೆಂಗಸರಿಗೆ ಕಾನೂನು ಎಲ್ಲಿ ತಿಳಿಯಬೇಕು ಎಂದುಕೊಂಡು ಜೀಪು ಹತ್ತಿದೆ. ಅವತ್ತು ನಾನು ಅಂದುಕೊಂಡದ್ದೆಲ್ಲ ಹೀಗೇ ಇತ್ತು.

ಇನಾಮದಾರರ ವಾಡೆ ಬೈಲಹೊಂಗಲದ ಪೇಟೆಯ ಹಿಂದಿದೆ. ಬಾಳಕೃಷ್ಣನ ಅಣ್ಣ ತ್ರ್ಯಂಬಕರಾವ್ ವಕೀಲರು ಬೋಳು ತಲೆಯ ಮೇಲೆ ಉಪರಣೆ ಹೊದ್ದು ಹೊರಗೆ ಬಂದರು. ನನಗೆ ಕುರ್ಚಿಯನ್ನು ಪಡಸಾಲೆಯಲ್ಲಿ ಹಾಕಿಸದೆ ಅಂಗಳಕ್ಕೆ ತರಿಸಿದರು. ಕುರ್ಚಿ ಮಾತ್ರ ಒಳ್ಳೆಯದಿತ್ತು.

"ಕೂಡ್ರಿ ಇನ್‌ಸ್ಪೆಕ್ಟರ್ ಸಾಹೇಬ್ರ. ಏನ ಹುಡುಕಲಿಕ್ಕೆ ಬಂದೀರಿ?"

"ಅಂಬಾಸಡರ್ ಗಾಲಿ."

ಅವರು ಹುಬ್ಬು ಕೂಡ ಹಾರಿಸಲಿಲ್ಲ. ಎದ್ದು ನನ್ನನ್ನು ಕೊಟ್ಟಿಗೆಯ ಪಕ್ಕದ ಗಾಡಿಮನೆಗೆ ಕರೆದೊಯ್ದರು. ತಗಡಿನ ನಾಲ್ಕು ಗಾಲಿಗಳು ಗೋಡೆಗೆ ಒರಗಿದ್ದವು. ಅವುಗಳ ಹತ್ತಿರ ದೊಡ್ಡ ಬ್ರೇಕ್ ಡ್ರಮ್ಮುಗಳು. ಮೂಲೆಯಲ್ಲಿ ಗೋಣಿತಾಟು ಸುತ್ತಿದ ಒಂದು ದಿಂಡು. ತಾಟು ಸರಿಸಿದರು. ಚಿಗರಿಯ ಮೂಲ ಎಂಜಿನ್, ಮೈತುಂಬ ಗ್ರೀಸು ಬಳಿದುಕೊಂಡು, ಕೂಸಿನಂತೆ ಬೆಚ್ಚಗೆ ಕೂತಿತ್ತು.

"ಮುಂಬಯಿದವರು ಒಬ್ಬರು ಬರೋರಿದ್ರು," ಎಂದರು. "ಹಳೇ ಗಾಡಿ ಕೂಡಿಸಿ ಇಡೋ ಹವ್ಯಾಸ ಅವರಿಗೆ. ಹುಟ್ಟಿದಾಗ ಹ್ಯಾಂಗಿತ್ತೋ ಹಾಂಗ ಇದ್ರ ಬಾಯಿಗೆ ಬಂದ ಬೆಲಿ ಕೊಡ್ತೀನಿ ಅಂದ್ರು. ಕೈ ಹಾಕಿದ್ದು ಅಂದ್ರ ತಕ್ಕಡ್ಯಾಗ ತೂಗಿ ಒಯ್ತೀನಿ ಅಂದ್ರು. ಹೊಲಾ ಎಲ್ಲಾ ಉಳೋರಿಗೆ ಹೋತು. ಈ ಮನ್ಯಾಗ ಬೆಲಿ ಬರೋ ವಸ್ತು ಅಂತ ಅದೊಂದ ಉಳಿದಿತ್ತು. ನಮ್ಮ ಬಾಳ್ಯಾ ಅದನ್ನ ಓಡೋ ಗಾಡಿ ಮಾಡಿದ್ದ. ನನಗ ಬೇಕಾಗಿದ್ದು ಮಾರೋ ಗಾಡಿ."

"ಅದಕ್ಕ ಗಾಲಿ ಬದಲ ಮಾಡಸಿದ್ರಿ."

"ಮಾಡಿಸಿದೆ. ಮೊದಲ ಗಾಲಿ, ಬ್ರೇಕು. ಕಡೀಕೆ ಎಂಜಿನ್."

ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾರೆಂದು ಎಣಿಸಿರಲಿಲ್ಲ. "ನಿಮ್ಮ ತಮ್ಮಗ ಗೊತ್ತಿತ್ತೇನು?"

"ಗಾಲಿ ಕಣ್ಣಿಗೆ ಕಾಣ್ತಾವಲ್ಲ. ಚಂದ ಅದಾವ ಅಂದನಂತ ಅವ್ವನ ಮುಂದ. ಬ್ರೇಕು ಕಣ್ಣಿಗೆ ಕಾಣಂಗಿಲ್ಲ. ಮಾರೋ ಸುದ್ದಿ ಎತ್ತಿದಾಗಿನಿಂದ ಅವ ನನ್ನ ಕೂಡ ಮಾತ ಬಿಟ್ಟಿದ್ದ."

ನನ್ನ ಸಿಟ್ಟು ನೆತ್ತಿಗೇರಿತು. "ವಕೀಲ್ರ, ಯಾವನೋ ಕಲೀದ ಮಿಸ್ತ್ರಿನ್ನ ಕರಸಿ ನೀವು ಬ್ರೇಕ್ ತಗಸಿದ್ರಿ. ಮುಂದಿನ ಎರಡೂ ತಂತಿ ಅವ ಬಿಗದೇ ಇಲ್ಲ. ನಿಮ್ಮ ತಮ್ಮ ಸತ್ತ ಮ್ಯಾಲ ಶಟ್ಟೆಪ್ಪನ ಮ್ಯಾಲ ಹಾಕಿದ್ರಿ. ಎಲ್ಲಿಂದ ಕರಸಿದ್ರಿ ಅವನ್ನ? ರಾಮದುರ್ಗದಿಂದೇನು?"

"ಶಟ್ಟೆಪ್ಪ ಅಲ್ಲ ಅಂತ ಹ್ಯಾಂಗ ಹೇಳ್ತೀರಿ?"

"ಕೆಲಸ ಅರ್ಧಕ್ಕ ಬಿಟ್ಟೈತಿ. ಶಟ್ಟೆಪ್ಪ ಅರ್ಧಕ್ಕ ಬಿಡೂ ಮನಶ್ಯಾ ಅಲ್ಲ."

ತ್ರ್ಯಂಬಕರಾಯರು ಎಂಜಿನ್ನಿಗೆ ಮತ್ತೆ ತಾಟು ಹೊದಿಸಿದರು. ಅವಸರ ಮಾಡಲಿಲ್ಲ. ಕೋರ್ಟಿನಲ್ಲಿ ಎದುರಿನ ವಕೀಲ ಮಾತು ಮುಗಿಸಲೆಂದು ಕಾಯುವ ಅಭ್ಯಾಸ ಇರಬೇಕು.

"ನಿಮ್ಮ ಠಾಣ್ಯಾಗ ಖಂಡೆ ಪೂಜಿ ಮಾಡ್ತೀರೋ ಇಲ್ಲೋ?"

"ಮಾಡತೇವಿ."

"ನವಮಿಗೆ ದೇವರ ಮುಂದ ಇಟ್ಟ ಬಂದೂಕು ಯಾವಾಗ ಎತ್ತತೀರಿ?"

"ದಶಮಿಗೆ," ಎಂದೆ.

"ಅಷ್ಟಮಿ ಸಂಜೀತನಕ ಶಟ್ಟೆಪ್ಪ ಇಲ್ಲೇ ಕೆಲಸ ಮಾಡಿದ," ಎಂದರು. "ಹಿಂದಿನ ಗಾಲೀದು ಮುಗೀತು. ಮುಂದಿನ ತಂತಿ ಉಳದಿತ್ತು. ಹೊತ್ತು ಮುಳುಗಿತು. 'ಧಣ್ಯಾರ, ಹತ್ಯಾರ ತೊಳದು ಮುಂಜಾನೆ ಪೂಜಿಗೆ ಇಡಬೇಕ್ರಿ, ದಶಮಿಗೆ ಬನ್ನಿ ಮುಡದ ಮ್ಯಾಲ ಬಂದು ಮುಗಸ್ತೇನಿ' ಅಂದ. ಹೋಗು ಅಂದೆ. ನಾನರ ಏನ ಹೇಳ್ಲಿ? ಪೂಜಿಗಿಟ್ಟ ಹತ್ಯಾರ ಎತ್ತು ಅಂತ ಹೇಳೋ ಮನಷ್ಯಾ ಈ ಸೀಮ್ಯಾಗ ಯಾವನಿದ್ದಾನ?"

ಯಾವನೂ ಇಲ್ಲ. ಕತ್ತರಿ ಇಟ್ಟ ಸಿಂಪಿಗ, ಕೊಡಲಿ ಇಟ್ಟ ಬಡಿಗ, ಪಾನಾ ಇಟ್ಟ ಮಿಸ್ತ್ರಿ, ಯಾರೂ ಬನ್ನಿ ಮುಡಿಯುವ ತನಕ ತಮ್ಮ ಹತ್ಯಾರ ಮುಟ್ಟುವುದಿಲ್ಲ. ನಮ್ಮ ಠಾಣೆಯಲ್ಲೇ ಈ ನವಮಿಯ ದಿನ ಒಬ್ಬ ಕಿಸೆಗಳ್ಳ ಸಿಕ್ಕಾಗ, ಲಾಠಿಗಳೆಲ್ಲ ಕುಂಕುಮ ಹಚ್ಚಿಕೊಂಡು ದೇವರ ಮುಂದಿದ್ದವೆಂದು, ಅವನನ್ನು ಬೀಗನ ಹಾಗೆ ಕೈ ಹಿಡಿದು ಕರೆತಂದಿದ್ದೆವು. ಇದೆಲ್ಲ ಗೊತ್ತಿದ್ದೂ ಬೇವಿನ ಗಿಡದ ಕೆಳಗೆ ನನಗೆ ಹೊಳೆಯಬೇಡವೇ? ಶಟ್ಟೆಪ್ಪನನ್ನು ಬಿಡಿಸುವ ಆಸೆ ನನ್ನ ಕಣ್ಣಿಗೆ ಮಣ್ಣೆರಚಿತ್ತು.

"ನಿಮಗೂ ಗೊತ್ತಿತ್ತಲ್ಲ ಬ್ರೇಕ್ ಇಲ್ಲಂತ," ಎಂದೆ. ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ ಆ ಪ್ರಶ್ನೆ ಹಿಡಿದೆ.

"ಗೊತ್ತಿತ್ತು. ನವಮಿ ಮುಂಜಾನೆ ನಾನು ರಾಮದುರ್ಗಕ್ಕ ಅಕ್ಕನ ಮನೀಗೆ ಹೋದೆ. ಹೋಗೋಕಿಂತ ಮೊದಲ ಶಟ್ಟೆಪ್ಪಗ ಹೇಳಿದ್ದೆ, ಬಾಳ್ಯಾಗ ತಿಳಿಸು, ಗಾಡಿ ಹೊರಗ ತಗೀಬ್ಯಾಡ ಅನ್ನು ಅಂತ. ನನ್ನ ಮಾತು ಅವ ಕೇಳ್ತಿದ್ದಿಲ್ಲ. ಮಿಸ್ತ್ರಿ ಮಾತು ಕೇಳ್ತಿದ್ದ. ವರ್ಷಾ ದಶಮಿಗೆ ಊರ ಸೀಮಾ ದಾಟಿ ಗುಡ್ಡಕ್ಕ ಹೋಗೋದು ಅವನ ರೂಢಿ, ಅದು ಶಟ್ಟೆಪ್ಪಗೂ ಗೊತ್ತು."

"ಇದನ್ನ ಮೊದಲ ಯಾಕ ಹೇಳಲಿಲ್ಲ?"

"ಹೇಳಿದ್ರ ಅವನ ಕೊರಳಿಗೆ ಉರುಲು ಆಗ್ತಿತ್ತು. ಏನರ ಆಗ್ಲಿ, ಎಂಟು ವರ್ಷ ನಮ್ಮ ಅಂಗಳದಾಗ ಕೆಲಸ ಮಾಡಿದಾಂವ. ಅಜಾಗರೂಕತಿ ಅಂತ ಎರಡು ವರ್ಷ ಹೋಗಿ ಬರ್ಲಿ ಅಂತ ಬಿಟ್ಟಿದ್ದೆ." ಅವರು ನನ್ನನ್ನು ನೇರವಾಗಿ ನೋಡಿದರು. "ನೀವು ಇವತ್ತ ಪಂಚರ ಮುಂದ ಏನ ಬರಿಸಿ ಬಂದೀರಿ?"

ಬದಲಾಯಿಸಿದವನಿಗೆ ತಿಳಿದಿರಲೇಬೇಕು. ನನ್ನದೇ ಮಾತು. ಶಂಕರೆಪ್ಪ ಎರಡು ಸಲ ಕೇಳಿ ಬರೆದುಕೊಂಡ ಮಾತು. ತಿಳಿದೂ ಹೇಳದವನಿಗೆ ಹತ್ತುವುದು ಕೊಲೆಯ ಕಲಮು ಮುನ್ನೂರಾ ಎರಡು, ಅದರ ಕೊನೆಯಲ್ಲಿ ಹಗ್ಗ ಇದೆ.

ನಾನು ಏಳುವಾಗ ತ್ರ್ಯಂಬಕರಾಯರು ಗಾಡಿಮನೆಯ ಬಾಗಿಲಿಗೆ ಕೈಯಾನಿಸಿ ನಿಂತಿದ್ದರು. ವಕೀಲರ ಧ್ವನಿ ಆಗ ಇರಲಿಲ್ಲ.

"ಮೂಲ ಎಂಜಿನ್ ಅದ. ಮೂಲ ಗಾಲಿ ಅದಾವ. ಮುಂಬಯಿದವರು ನಿನ್ನೆನೂ ಕೇಳಿ ಕಳಿಸ್ಯಾರ, ಜಖಂ ಆಗಿದ್ರೂ ಅಡ್ಡಿ ಇಲ್ಲ ಅಂತ," ಎಂದು ಅವರು ಬಿಕ್ಕಿದರು. ಅವರನ್ನು ದ್ವೇಷಿಸಬೇಕೆಂದು ಬಂದಿದ್ದೆ. ಆಗಲಿಲ್ಲ.

ಸವದತ್ತಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಶಂಕರೆಪ್ಪನನ್ನು ಕರೆದುಕೊಂಡು ನೇರವಾಗಿ ಶಟ್ಟೆಪ್ಪನ ಕೋಣೆಗೆ ಹೋದೆ. ಅವನು ಸರಳಿನ ಆಚೆ ಗೋಡೆಗೆ ಒರಗಿ ಕೂತಿದ್ದ. ತಾಯವ್ವ ತಂದ ರೊಟ್ಟಿ ಮುರಿಯದೆ ಹಾಗೇ ಇತ್ತು. ಅವಳು ಪಡಸಾಲೆಯ ಕಂಬದ ಹತ್ತಿರ ಕೂತವಳು ನಮ್ಮನ್ನು ನೋಡಿ ಎದ್ದು ನಿಂತಳು.

"ಹಳೇ ಬ್ರೇಕ್ ಹಾಕಿದಾಂವ ನೀನ ಏನು?"

"ಹೌದ್ರಿ."

"ನಿನ್ನೆ ಯಾಕ ಹೇಳಲಿಲ್ಲ?"

"ನನ್ನ ಬ್ರೇಕ್ ಫೇಲ್ ಆಗ್ತಾವೇನು ಅಂತ ಕೇಳಿದ್ರಿ. ಆಗಂಗಿಲ್ಲ ಅಂದ್ನಿ. ಇವು ನನ್ನವಲ್ರಿ."

"ಶಟ್ಟೆಪ್ಪ, ಛಂದಗೆ ಕೇಳು. ಗಾಡಿ ತಗೀಬ್ಯಾಡ್ರಿ ಅಂತ ಬಾಳಾಸಾಹೇಬ್ರಿಗೆ ಹೇಳಿದಿ? ಹೇಳಿದ್ನಿ ಅಂದ್ರ ತಪ್ಪು ಅವ್ರದು. ನೀ ಮನೀಗೆ ಹೋಗ್ತಿ. ಹೇಳಿಲ್ಲಂದ್ರ ನಾನೂ ನಿನ್ನ ಉಳಸಾಕ ಆಗಂಗಿಲ್ಲ."

ಅವನು ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯ ಗ್ರೀಸು ಇನ್ನೂ ಹೋಗಿರಲಿಲ್ಲ.

"ಹೇಳಲಿಲ್ರಿ."

"ಯಾಕ?"

"ಆಗಲಿಲ್ರಿ. ದಸರೀ ಘಟಾ ಕುಂತಿದ್ದೂ, ವಾಡೇದಾಗ ಮಡಿ. ನನ್ನ ಒಳಗ ಬಿಡಂಗಿಲ್ರಿ."

"ಯಾರ ಕೈಯಾಗರ ಹೇಳಿ ಕಳಸಬೇಕಿಲ್ಲೋ?"

"ಯಾರ ಕೈಯಾಗೂ ಕಳಸಲಿಲ್ರಿ. ಮರತೇನಂತ ಬರಕೋರಿ."

ಶಂಕರೆಪ್ಪ ಪೆನ್ನು ತೆಗೆದ. ಮರೆತವನ ಮಾತು ಇಷ್ಟು ಸಿದ್ಧವಾಗಿ ಬರುವುದಿಲ್ಲ. ಅವನು ಮಾತಾಡುವಾಗ ಒಮ್ಮೆಯೂ ನನ್ನ ಮುಖ ನೋಡಿರಲಿಲ್ಲ, ನನ್ನ ಹೆಗಲಿನ ಮೇಲಿಂದ ಹಿಂದೆ ನೋಡುತ್ತಿದ್ದ. ತಿರುಗಿದೆ. ತಾಯವ್ವ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಳು.

"ಸುಳ್ಳ ಐತ್ರಿ ಅದು," ಎಂದಳು.

"ಏ, ಹೊರಗ ಹೋಗು," ಎಂದ ಶಟ್ಟೆಪ್ಪ. ಎದ್ದು ಸರಳು ಹಿಡಿದ.

"ನವಮಿ ಮುಂಜಾನೆ ಹತ್ಯಾರ ತೊಳಿಯೂಮುಂದ ಇವ್ರು ನನ್ನ ಮುಂದ ಹೇಳಿದ್ರು. 'ನೀ ಹೆಂಗೂ ವಾಡೇದ ಕೊಟಗಿ ಕಸಾ ಹೊಡ್ಯಾಕ ಹೋಗ್ತಿ. ಬಾಳಾಸಾಹೇಬ್ರಿಗೆ ಹೇಳು, ಮುಂದಿನ ಬ್ರೇಕ್ ಇಲ್ಲ, ಗಾಡಿ ತಗೀಬ್ಯಾಡ್ರಿ ಅಂತ.' ನನಗ ಹೇಳಿ ಕಳಸಿದ್ರರಿ."

"ತಾಯವ್ವಾ, ಬಾಯಿ ಮುಚ್ಚು. ನಿನಗ ಕೈ ಮುಗೀತೇನಿ."

ಅವಳು ಗಂಡನ ಕಡೆ ತಿರುಗಲಿಲ್ಲ. ಶಂಕರೆಪ್ಪನ ಪೆನ್ನಿನ ಮೇಲೆ ಕಣ್ಣಿಟ್ಟು, ಬರೆಯಲು ಸಮಯ ಕೊಡುವವಳ ಹಾಗೆ ನಿಧಾನವಾಗಿ ಹೇಳಿದಳು.

"ಅವತ್ತೂ ಹೋದ್ನಿ, ದಶಮಿಗೂ ಹೋದ್ನಿ. ಗಾಡೀದು ಆವಾಜ್ ಕೇಳಿ ಕೊಟಗಿಯಿಂದ ಹೊರಗ ಬಂದ್ನಿ. 'ಬಾಗಲಾ ತಗಿ' ಅಂದ್ರು ಬಾಳಾಸಾಹೇಬ್ರು. ನನ್ನ ನೋಡಿ ನಕ್ಕರು, ಕೊಟಗ್ಯಾಗ ಒಬ್ಬಾಕಿನ ಸಿಕ್ಕಾಗ ನಗತಿದ್ರಲ್ಲ, ಹಂಗ. ವಾಡೇದ ದೊಡ್ಡ ಬಾಗಲಾ ತಗದಾಕಿ ನಾನರಿ."

ಶಟ್ಟೆಪ್ಪ ಸರಳಿನ ಮೇಲೆ ಹಣೆ ಇಟ್ಟು ಕಣ್ಣು ಮುಚ್ಚಿದ. ಗಂಡನನ್ನು ಉಳಿಸಲು ಇವಳು ಸುಳ್ಳು ಹೇಳುತ್ತಿದ್ದಾಳೋ, ಹೆಂಡತಿಯನ್ನು ಉಳಿಸಲು ಅವನು ಸುಳ್ಳು ಹೇಳಿದನೋ, ನನಗೆ ತಿಳಿಯಲಿಲ್ಲ. ಒಂದು ದಾರಿ ಮಾತ್ರ ಕಂಡಿತು. ಮರೆಯುವುದು ಅಪರಾಧವಲ್ಲ. ಅವಳ ಬಾಯಿಂದ ಆ ಒಂದು ಮಾತು ಬಂದರೆ ಇಬ್ಬರೂ ರೊಟ್ಟಿಯ ಗಂಟು ಕಟ್ಟಿಕೊಂಡು ಮನೆಗೆ ಹೋಗಬಹುದಿತ್ತು.

"ಮರತಿದ್ದಿ, ಹೌದಿಲ್ಲೋ ತಂಗಿ?" ಎಂದು ಕೇಳಿದೆ. ಕೇಳಿದೆನೋ ಬೇಡಿಕೊಂಡೆನೋ.

"ಮರತಿದ್ದಿಲ್ರಿ," ಎಂದಳು ತಾಯವ್ವ. "ನೆನಪ ಇತ್ತು. ಬಾಗಲಾ ತಗಿಯೂಮುಂದನೂ ನೆನಪ ಇತ್ತು."